ಹೌಸಾ ಭಾಷೆಯಲ್ಲಿ ಲಿಂಗ: ‘ನ’ ಮತ್ತು ‘ತ’ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಲಿಂಗ ಅರ್ಥದ ಬೆನ್ನು ಹಿಡಿದು ಬರುತ್ತದೆ. ರಾಮ ಬಂದ, ಸೀತೆ ಬಂದಳು, ಬಸ್ಸು ಬಂತು. ಹೊಸ ಪದವೊಂದನ್ನು ಕಲಿತಾಗ ಅದರ ಲಿಂಗವನ್ನು ಬೇರೆಯಾಗಿ ಕಲಿಯುವ ಕೆಲಸ ನಮಗಿಲ್ಲ. ಅದು ಮನುಷ್ಯನೋ ಅಲ್ಲವೋ, ಗಂಡೋ ಹೆಣ್ಣೋ ಎಂದು ಗೊತ್ತಾದರೆ ಸಾಕು. ಹೌಸಾದಲ್ಲಿ ಹಾಗಲ್ಲ. ಅಲ್ಲಿ ಮನೆ ಪುಲ್ಲಿಂಗ, ಕಾರು ಸ್ತ್ರೀಲಿಂಗ. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಉಪ್ಪು ಪುಲ್ಲಿಂಗ, ಅಕ್ಕಿ ಸ್ತ್ರೀಲಿಂಗ. ನಪುಂಸಕ ಎಂಬ ಮೂರನೇ ಮನೆಯೇ ಇಲ್ಲ.

ನೈಜೀರಿಯಾದ ಉತ್ತರ ಭಾಗ ಮತ್ತು ನೈಜರ್ ದೇಶದ ದಕ್ಷಿಣ ಭಾಗ ಹೌಸಾದ ತವರು. ಕಾನೊ, ಕತ್ಸಿನಾ, ಸೊಕೊಟೊ, ಜ಼ಾರಿಯಾ, ಜ಼ಿಂದರ್, ಮರಾಡಿ ಇದರ ಹಳೆಯ ನಗರಗಳು. ಅಲ್ಲಿಂದಾಚೆಗೂ ಪಶ್ಚಿಮ ಆಫ್ರಿಕಾದ ಉದ್ದಗಲಕ್ಕೆ ವ್ಯಾಪಾರದ ಮಾತಾಗಿ ಹರಡಿದ ಭಾಷೆ ಇದು. ಭಾಷಾವಂಶದಲ್ಲಿ ಇದು ಅರಬ್ಬಿ, ಹೀಬ್ರೂಗಳಿಗೆ ದೂರದ ನೆಂಟ. ಆ ನೆಂಟಸ್ತನ ಇಲ್ಲಿ ಮುಖ್ಯ, ಏಕೆಂದರೆ ಹೌಸಾದ ಸ್ತ್ರೀಲಿಂಗದ ಗುಟ್ಟು ಅಲ್ಲೇ ಇದೆ.

ಹೌಸಾ ಕಲಿಯುವವರಿಗೆ ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು “ಕೊನೆಯಲ್ಲಿ ಆ ಬಂದರೆ ಸ್ತ್ರೀಲಿಂಗ” ಎಂಬ ನಿಯಮ. ಅದು ಒಳ್ಳೆಯ ನಿಯಮ, ಆದರೆ ಅರ್ಧ ದಾರಿಗೇ ನಿಲ್ಲುತ್ತದೆ. ನನ್ನ ಪ್ರಕಾರ ಹಿಡಿಯಬೇಕಾದ ಎಳೆ ಬೇರೆ: ಪುಲ್ಲಿಂಗದ ಗುರುತು ‘ನ’, ಸ್ತ್ರೀಲಿಂಗದ ಗುರುತು ‘ತ’. ವಾಕ್ಯದ ಉದ್ದಕ್ಕೂ ಈ ಎರಡೇ ವ್ಯಂಜನಗಳು ವೇಷ ಬದಲಿಸಿಕೊಂಡು ಕಾಣಿಸಿಕೊಳ್ಳುತ್ತವೆ. ವೇಷಗಳನ್ನು ಗುರುತಿಸಲು ಕಲಿತರೆ ಉರು ಹೊಡೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ.

ಮೊದಲು, ಬರವಣಿಗೆಯ ಬಗ್ಗೆ

ಹೌಸಾವನ್ನು ಇಂದು ಹೆಚ್ಚಾಗಿ ಬೊಕೊ ಎಂಬ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಅರಬ್ಬಿ ಅಕ್ಷರದ ಅಜಮಿ ಬರವಣಿಗೆ ಅದಕ್ಕಿಂತ ಹಳೆಯದು. ಬೊಕೊದಲ್ಲಿ ಹ್ರಸ್ವ ದೀರ್ಘಗಳ ಭೇದ ತೋರಿಸುವುದಿಲ್ಲ, ಸ್ವರದ ಏರಿಳಿತವನ್ನೂ ತೋರಿಸುವುದಿಲ್ಲ. ಏರಿಳಿತವನ್ನು ಕೇಳಿಯೇ ಕಲಿಯಬೇಕು. ಹ್ರಸ್ವ ದೀರ್ಘದ ವಿಷಯದಲ್ಲಿ ಮಾತ್ರ ನಮ್ಮ ಲಿಪಿ ಬೊಕೊಗಿಂತ ಒಂದು ಹೆಜ್ಜೆ ಮುಂದಿದೆ. ಹಾಗಾಗಿ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಹೌಸಾ ಪದಗಳನ್ನು ಕನ್ನಡ ಅಕ್ಷರದಲ್ಲೂ ಬರೆದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಒಂದು ಉದಾಹರಣೆ ಸಾಕು. ಬೊಕೊದಲ್ಲಿ ಒಂದೇ ಥರ ಬರೆಯುವ ಎರಡು ಪದಗಳಿವೆ. ಹ್ರಸ್ವದ ‘ಮತಾ’ ಎಂದರೆ ಹೆಂಡತಿ, ದೀರ್ಘದ ‘ಮಾತಾ’ ಎಂದರೆ ಹೆಂಗಸರು. ಮೊದಲನೆಯದು ಸ್ತ್ರೀಲಿಂಗ ಏಕವಚನ, ಎರಡನೆಯದು ಬಹುವಚನ. ಇವೆರಡಕ್ಕೂ ಹೊಂದುವ ರೂಪಗಳು ಬೇರೆ ಬೇರೆ ಎಂಬುದನ್ನು ಮುಂದೆ ನೋಡುತ್ತೀರಿ. ಕನ್ನಡ ಅಕ್ಷರದಲ್ಲಿ ಬರೆದವರಿಗೆ ಈ ಗೊಂದಲವೇ ಹುಟ್ಟುವುದಿಲ್ಲ.

ಹೌಸಾದಲ್ಲಿ ಗಂಟಲನ್ನು ಬಿಗಿಹಿಡಿದು ಉಚ್ಚರಿಸುವ ಕೆಲವು ವ್ಯಂಜನಗಳಿವೆ. ಅವುಗಳಲ್ಲಿ ಕ ಮತ್ತು ಯ ಬಂದಾಗ ಹಿಂದೆ ಒಂದು ಚಿಹ್ನೆ ಇಟ್ಟಿದ್ದೇನೆ: ’ಕ, ’ಯ. ಬಿಗಿಹಿಡಿದ ದಕಾರವನ್ನು ಡ ಎಂದು ಬರೆದಿದ್ದೇನೆ.

ಹೆಜ್ಜೆ 1: ಕೊನೆಯ ಸ್ವರ ನೋಡಿ ಊಹಿಸಿ

ಪದ ದೀರ್ಘ ‘ಆ’ದಲ್ಲಿ ಮುಗಿದರೆ ಅದು ಸ್ತ್ರೀಲಿಂಗ ಇರುವ ಸಂಭವ ಬಹಳ ಹೆಚ್ಚು. ಮೋತಾ (ಕಾರು), ರೀಗಾ (ನಿಲುವಂಗಿ), ಹೂಲಾ (ಟೋಪಿ), ಕುಜೇರಾ (ಕುರ್ಚಿ), ಗೋನಾ (ಹೊಲ), ಹನ್ಯಾ (ದಾರಿ), ಕಾಸುವಾ (ಸಂತೆ, ಮಾರುಕಟ್ಟೆ), ರಾನಾ (ಸೂರ್ಯ, ಹಗಲು), ವುತಾ (ಬೆಂಕಿ), ಶಿನ್ಕಾಫಾ (ಅಕ್ಕಿ), ಮಿಯಾ (ಸಾರು), ಜ಼ೂಚಿಯಾ (ಹೃದಯ), ದೂನಿಯಾ (ಲೋಕ): ಎಲ್ಲವೂ ಸ್ತ್ರೀಲಿಂಗ.

ಬೇರೆ ಸ್ವರದಲ್ಲೋ ವ್ಯಂಜನದಲ್ಲೋ ಮುಗಿದರೆ ಪುಲ್ಲಿಂಗ ಎಂದು ಹಿಡಿಯಿರಿ. ಲಿತ್ತಾಫೀ (ಪುಸ್ತಕ), ದೋಕೀ (ಕುದುರೆ), ಕಿಫೀ (ಮೀನು), ಗಿಶಿರೀ (ಉಪ್ಪು), ಹನ್ನೂ (ಕೈ), ಇದೋ (ಕಣ್ಣು), ಕುನ್ನೇ (ಕಿವಿ), ದೂತ್ಸೇ (ಕಲ್ಲು, ಗುಡ್ಡ), ಐಕೀ (ಕೆಲಸ), ತೇಬುರ್ (ಮೇಜು).

ಹೊರಗಿನಿಂದ ಬಂದ ಪದಗಳೂ ಬಹುಮಟ್ಟಿಗೆ ಇದೇ ನಿಯಮಕ್ಕೆ ತಲೆಬಾಗುತ್ತವೆ. ಇಂಗ್ಲಿಷಿನ ಮೋಟರ್ ಹೌಸಾಕ್ಕೆ ಬಂದು ‘ಮೋತಾ’ ಆಯಿತು, ಕೊನೆಯಲ್ಲಿ ಆ ಬಂದದ್ದರಿಂದ ಸ್ತ್ರೀಲಿಂಗವಾಯಿತು. ಟೇಬಲ್ ‘ತೇಬುರ್’ ಆಗಿ ಪುಲ್ಲಿಂಗದ ಸಾಲು ಸೇರಿತು. ವೈರ್‌ನಿಂದ ಬಂದ ‘ವಯಾ’ ಈಗ ತಂತಿಗೂ ಫೋನಿಗೂ ಸಲ್ಲುತ್ತದೆ, ಸ್ತ್ರೀಲಿಂಗ.

ಈ ‘ಆ’ಕಾರದ ನಿಯಮ ಇಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಚರಿತ್ರೆಯ ಕಾರಣವಿದೆ. ಹೌಸಾ ವ್ಯಾಕರಣದ ಮೇಲೆ ದೊಡ್ಡ ಕೆಲಸ ಮಾಡಿದ ಪಾಲ್ ನ್ಯೂಮನ್ ಇದನ್ನು ವಿವರಿಸಿದ್ದಾರೆ. ಹಿಂದೆ ಲಿಂಗದಲ್ಲಿ ಮಾತ್ರ ಸ್ತ್ರೀಯಾಗಿದ್ದು ರೂಪದಲ್ಲಿ ಗುರುತಿಲ್ಲದ ಹಲವು ಪದಗಳಿಗೆ ಕಾಲಕ್ರಮದಲ್ಲಿ -ಆ, -ಇಯಾ, -ಉವಾ ಮುಂತಾದ ಪ್ರತ್ಯಯಗಳು ಬಂದು ಅಂಟಿಕೊಂಡವು. ಅಂದರೆ ಭಾಷೆಯೇ ತನ್ನ ಸ್ತ್ರೀಲಿಂಗ ಪದಗಳಿಗೆ ಹಣೆಪಟ್ಟಿ ಹಚ್ಚುತ್ತಾ ಬಂದಿದೆ. ಇಯಾ, ಉವಾ ಎಂದು ಮುಗಿಯುವ ಪದ ಸಿಕ್ಕರೆ, ಮುಂದಿನ ಹೆಜ್ಜೆಯ ‘ರುವಾ’ದಂಥ ಅಪವಾದ ಬಿಟ್ಟು, ಹೆಚ್ಚು ಯೋಚಿಸದೆ ಸ್ತ್ರೀಲಿಂಗ ಎಂದುಬಿಡಿ.

ಹೆಜ್ಜೆ 2: ಅಪವಾದಗಳನ್ನು ಮೊದಲ ವಾರದಲ್ಲೇ ಕಲಿಯಿರಿ

ಅಪವಾದಗಳು ಸಂಖ್ಯೆಯಲ್ಲಿ ಕಡಿಮೆ. ಆದರೆ ದಿನಬಳಕೆಯ ಪದಗಳೇ ಅಪವಾದವಾಗಿ ಕುಳಿತಿವೆ, ಆದ್ದರಿಂದ ಮುಂದೂಡುವಂತಿಲ್ಲ. ‘ಆ’ದಲ್ಲಿ ಮುಗಿದರೂ ಪುಲ್ಲಿಂಗವಾಗಿರುವವು: ಗಿದಾ (ಮನೆ), ರುವಾ (ನೀರು), ಸೂನಾ (ಹೆಸರು), ನಾಮಾ (ಮಾಂಸ), ವತಾ (ಚಂದ್ರ, ತಿಂಗಳು), ಜ಼ಕರಾ (ಹುಂಜ). ‘ನಾಮಾ’ ಕೇಳಿ ಹೆಸರು ಎಂದುಕೊಳ್ಳಬೇಡಿ. ಹೆಸರಿಗೆ ಹೌಸಾದಲ್ಲಿ ‘ಸೂನಾ’.

ಇನ್ನೊಂದು ಕಡೆಯ ಅಪವಾದಗಳು: ‘ಆ’ದಲ್ಲಿ ಮುಗಿಯದೆಯೂ ಸ್ತ್ರೀಲಿಂಗವಾಗಿರುವವು. ಮಚೆ (ಹೆಂಗಸು) ಇವುಗಳಲ್ಲಿ ಮೊದಲನೆಯದು. ಗ್ವಮ್ನತಿ (ಸರ್ಕಾರ) ಮತ್ತೊಂದು. ಊರುಗಳ ಮತ್ತು ದೇಶಗಳ ಹೆಸರುಗಳೆಲ್ಲ ಸ್ತ್ರೀಲಿಂಗ, ಕೊನೆಯ ಸ್ವರ ಯಾವುದೇ ಇರಲಿ. ಕಾನೊ ನಗರವನ್ನು ಹೊಗಳುವಾಗ ಜನ ‘ಕಾನೊ ತ ದಾಬೊ’ ಎನ್ನುತ್ತಾರೆ, ದಾಬೊ ಎಂಬ ಹಿಂದಿನ ಅರಸನ ಕಾನೊ ಎಂದು. ನಡುವಿನ ಆ ‘ತ’ ಊರು ಸ್ತ್ರೀಲಿಂಗ ಎಂದು ಸಾರುತ್ತಿದೆ.

ಹೆಜ್ಜೆ 3: ಪ್ರತಿ ಪದವನ್ನೂ ‘ನೇ’ ಅಥವಾ ‘ಚೇ’ ಜೊತೆಗೇ ಕಲಿಯಿರಿ

‘ಇದು ಮನೆ’ ಎನ್ನಲು: ವನ್ನನ್ ಗಿದಾ ನೇ. ‘ಇದು ಕಾರು’ ಎನ್ನಲು: ವನ್ನನ್ ಮೋತಾ ಚೇ.

ಕೊನೆಯ ನೇ, ಚೇಗಳು ‘ಆಗಿದೆ’ ಎಂಬ ಅರ್ಥದ ಪದಗಳು. ಪುಲ್ಲಿಂಗಕ್ಕೆ ನೇ, ಸ್ತ್ರೀಲಿಂಗಕ್ಕೆ ಚೇ. ಹೊಸ ಪದ ಸಿಕ್ಕಾಗ ‘ಗಿದಾ’ ಎಂದು ಬರೆದುಕೊಳ್ಳಬೇಡಿ, ‘ಗಿದಾ ನೇ’ ಎಂದೇ ಬರೆದುಕೊಳ್ಳಿ. ‘ಮಚೆ ಚೇ’, ‘ರುವಾ ನೇ’, ‘ಗ್ವಮ್ನತಿ ಚೇ’. ಬಾಯಲ್ಲಿ ಹೇಳುವಾಗಲೂ ಹಾಗೇ ಹೇಳಿ. ನಿಘಂಟಿನ ಪಕ್ಕದ ಲಿಂಗಸೂಚನೆ ಕಣ್ಣಿಗೆ ಬಿದ್ದು ಮರೆತುಹೋಗುತ್ತದೆ, ನೇ, ಚೇ ಕಿವಿಯಲ್ಲಿ ಉಳಿಯುತ್ತದೆ. ‘ಅಲ್ಲ’ ಎನ್ನುವಾಗಲೂ ಇವು ಜೊತೆಗೇ ಬರುತ್ತವೆ: ಬಾ ಗಿದಾ ಬಾ ನೇ, ಮನೆಯಲ್ಲ, ಬಾ ಮೋತಾ ಬಾ ಚೇ, ಕಾರಲ್ಲ.

ಹೆಜ್ಜೆ 4: ‘ತ’ದ ವೇಷಗಳನ್ನು ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಪುಲ್ಲಿಂಗದ ‘ನ’ ಎಲ್ಲೆಡೆ ಹೆಚ್ಚುಕಡಿಮೆ ನಕಾರವಾಗಿಯೇ ಇರುತ್ತದೆ. ಸ್ತ್ರೀಲಿಂಗದ ‘ತ’ ಹಾಗಲ್ಲ, ನೆರೆಹೊರೆ ನೋಡಿ ರೂಪ ಬದಲಿಸುತ್ತದೆ.

ಅ, ಆ ಸ್ವರಗಳ ಹಿಂದೆ ಬಂದಾಗ ಅದು ‘ತ’ವಾಗಿಯೇ ಉಳಿಯುತ್ತದೆ. ಮೊದಲನೆಯದು ಎನ್ನಲು ಪುಲ್ಲಿಂಗದಲ್ಲಿ ‘ನ ಫರ್ಕೋ’, ಸ್ತ್ರೀಲಿಂಗದಲ್ಲಿ ‘ತ ಫರ್ಕೋ’. ಎರಡನೆಯದು: ‘ನ ಬಿಯು’, ‘ತ ಬಿಯು’. ‘ಒಂದು, ಯಾವುದೋ ಒಂದು’ ಎನ್ನಲು ‘ವನಿ’ ಮತ್ತು ‘ವತ’.

ಇ, ಎ ಸ್ವರಗಳ ಹಿಂದೆ ಬಂದಾಗ ಅದೇ ‘ತ’ ಚಕಾರವಾಗುತ್ತದೆ. ‘ಚೇ’ ಹುಟ್ಟಿದ್ದು ಹೀಗೆ. ಇದು ಲಿಂಗಕ್ಕಷ್ಟೇ ಸೀಮಿತವಾದ ನಿಯಮವಲ್ಲ, ಭಾಷೆಯ ತುಂಬ ಇದೆ. ಮೋತಾ ಪದದ ಬಹುವಚನ ‘ಮೋತೋಚೀ’. ಒಂದೇ ಪದದೊಳಗೆ ತ ಹೋಗಿ ಚ ಬಂತು ನೋಡಿ. ದಕಾರವೂ ಹೀಗೇ ಜಕಾರವಾಗುತ್ತದೆ: ಗಿದಾ, ಬಹುವಚನ ‘ಗಿದಜೇ’. ‘ಯಾವ’ ಎಂಬ ಪ್ರಶ್ನೆಗೆ ಪುಲ್ಲಿಂಗದಲ್ಲಿ ‘ವನೆ’, ಸ್ತ್ರೀಲಿಂಗದಲ್ಲಿ ‘ವಚೆ’ ಇರುವುದೂ ಇದರಿಂದಲೇ. ವನೆ ಗಿದಾ? ಯಾವ ಮನೆ? ವಚೆ ಮೋತಾ? ಯಾವ ಕಾರು?

ಅಕ್ಷರದ ಕೊನೆಯಲ್ಲಿ, ಅಂದರೆ ಮುಂದೆ ಸ್ವರವಿಲ್ಲದಾಗ, ‘ತ’ ರೇಫವಾಗುತ್ತದೆ. ಜರ್ಮನ್ ವಿದ್ವಾಂಸ ಅಗಸ್ಟ್ ಕ್ಲಿಂಗೆನ್‌ಹೆಬೆನ್ 1920ರ ದಶಕದ ಕೊನೆಯಲ್ಲಿ ಹೌಸಾದ ಇಂಥ ಧ್ವನಿಬದಲಾವಣೆಗಳನ್ನು ನಿಯಮವಾಗಿ ಕಟ್ಟಿಕೊಟ್ಟರು, ಇಂದಿಗೂ ಅದಕ್ಕೆ ಅವರ ಹೆಸರೇ ಇದೆ. ಇಂಥವರ ಕಾರು, ಇಂಥವರ ಟೋಪಿ ಎನ್ನುವಾಗ ಬರುವ ‘ಮೋತರ್’, ‘ಹೂಲರ್’ ಇವುಗಳ ಕೊನೆಯ ‘ರ್’ ಮೂಲದಲ್ಲಿ ತಕಾರವೇ.

ಕೆಲವೆಡೆ ತಕಾರ ಮುಂದಿನ ವ್ಯಂಜನದಲ್ಲಿ ಕರಗಿಹೋಗುತ್ತದೆ. ‘ಆ’ ಎಂದು ದೂರದ್ದನ್ನು ತೋರಿಸಲು ಪುಲ್ಲಿಂಗದಲ್ಲಿ ‘ವನ್‌ಚನ್’, ಸ್ತ್ರೀಲಿಂಗದಲ್ಲಿ ‘ವಚ್ಚನ್’. ‘ಯಾವುದು… ಅದು’ ಎಂಬ ಸಂಬಂಧ ಪದ ಪುಲ್ಲಿಂಗದಲ್ಲಿ ‘ವನ್ದ’, ಸ್ತ್ರೀಲಿಂಗದಲ್ಲಿ ‘ವದ್ದ’. ಒತ್ತಕ್ಷರ ಬಂದ ಕಡೆ ಒಳಗೆ ‘ತ’ ಅಡಗಿದೆ ಎಂದು ತಿಳಿಯಿರಿ.

ತ, ಚ, ರ್, ಒತ್ತಕ್ಷರ. ನಾಲ್ಕೂ ಒಂದೇ. ಅರಬ್ಬಿಯಲ್ಲೂ ಹೀಬ್ರೂವಿನಲ್ಲೂ ಸ್ತ್ರೀಲಿಂಗಕ್ಕೆ ತಕಾರವೇ ಹಳೆಯ ಗುರುತು. ಆ ವಂಶದ ನೆನಪನ್ನು ಹೌಸಾ ಇಂದಿಗೂ ಬಿಟ್ಟಿಲ್ಲ.

ಹೆಜ್ಜೆ 5: ‘ನ್’, ‘ರ್’ ಕೊಂಡಿ ಹಾಕುವುದನ್ನು ಕಾನೊದ ನಕ್ಷೆಯಿಂದ ಕಲಿಯಿರಿ

‘ಮೂಸಾನ ಮನೆ’ ಎನ್ನಲು ಕನ್ನಡದಲ್ಲಿ ಮೂಸಾನಿಗೆ ಪ್ರತ್ಯಯ ಹಚ್ಚುತ್ತೇವೆ. ಹೌಸಾದಲ್ಲಿ ಪ್ರತ್ಯಯ ಮನೆಗೆ, ಮನೆಯೇ ಮೊದಲು ಬರುತ್ತದೆ: ಗಿದನ್ ಮೂಸಾ. ಕಾರಾದರೆ ಮೋತರ್ ಮೂಸಾ. ಪ್ರತ್ಯಯ ಅಂಟಿದ ಕೂಡಲೇ ಕೊನೆಯ ದೀರ್ಘ ಸ್ವರ ಹ್ರಸ್ವವಾಗುತ್ತದೆ: ಗಿದಾ ಹೋಗಿ ಗಿದನ್, ರೀಗಾ ಹೋಗಿ ರೀಗರ್, ಲಿತ್ತಾಫೀ ಹೋಗಿ ಲಿತ್ತಾಫಿನ್. ನೆನಪಿಡಿ, ಇಲ್ಲಿ ಲೆಕ್ಕಕ್ಕೆ ಬರುವುದು ವಸ್ತುವಿನ ಲಿಂಗ, ಒಡೆಯನದಲ್ಲ. ಕಾರು ಮೂಸಾನದಾದರೂ ಆಮಿನಾಳದಾದರೂ ಅದು ‘ಮೋತರ್’.

ಇದನ್ನು ಕಲಿಯಲು ಕಾನೊ ನಗರದ ನಕ್ಷೆಗಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. 1463ರಿಂದ 1499ರವರೆಗೆ ಆಳಿದ ಮುಹಮ್ಮದು ರುಮ್ಫಾನ ಅರಮನೆ ‘ಗಿದನ್ ರುಮ್ಫಾ’, ರುಮ್ಫಾನ ಮನೆ. ಕಾನೊದ ಅರಸರ ವಾಸ ಈಗಲೂ ಅಲ್ಲೇ. ವಸ್ತುಸಂಗ್ರಹಾಲಯವಾಗಿರುವ ಹಳೆಯ ಕಟ್ಟಡ ‘ಗಿದನ್ ಮಾಕಾಮಾ’. ಊರಿನ ನಡುವಿನ ಗುಡ್ಡ ‘ದೂತ್ಸೆನ್ ದಾಲಾ’. ಬಟ್ಟೆ ವ್ಯಾಪಾರದ ದೊಡ್ಡ ಪೇಟೆ ‘ಕನ್ತಿನ್ ಕ್ವಾರಿ’. ಅರಸನನ್ನು ಕರೆಯುವುದು ‘ಸರ್ಕಿನ್ ಕಾನೊ’. ಎಲ್ಲದರಲ್ಲೂ ‘ನ್’, ಏಕೆಂದರೆ ಮನೆ, ಗುಡ್ಡ, ಅಂಗಡಿ, ಅರಸ ಪುಲ್ಲಿಂಗ.

ಅದೇ ನಗರದ ಶತಮಾನಗಳ ಹಳೆಯ ಸಂತೆ ‘ಕಾಸುವರ್ ಕುರ್ಮಿ’. ನೀಲಿ ಬಣ್ಣ ಅದ್ದುವ ಗುಂಡಿಗಳಿಗೆ ಹೆಸರಾದ ಜಾಗ ‘’ಕೋಫರ್ ಮಾತಾ’, ಹೆಂಗಸರ ಬಾಗಿಲು. ವಿಶ್ವವಿದ್ಯಾಲಯ ‘ಜಾಮಿಅರ್ ಬಾಯೆರೊ’. ಸಂತೆ, ಬಾಗಿಲು, ವಿಶ್ವವಿದ್ಯಾಲಯ ಸ್ತ್ರೀಲಿಂಗ, ಆದ್ದರಿಂದ ‘ರ್’. ನಕ್ಷೆಯೊಂದನ್ನು ತೆರೆದು ಇಟ್ಟುಕೊಳ್ಳಿ, ಹೆಸರಿನ ಮೊದಲ ಪದ ‘ನ್’ ಎಂದು ಮುಗಿಯುತ್ತದೋ ‘ರ್’ ಎಂದೋ ನೋಡುತ್ತಾ ಹೋಗಿ. ಒಂದು ಸಂಜೆಯಲ್ಲಿ ಹತ್ತಾರು ಪದಗಳ ಲಿಂಗ ತಿಳಿಯುತ್ತದೆ.

ಒಂದು ಮುಖ್ಯ ಎಚ್ಚರಿಕೆ. ‘ರ್’ ಬರುವುದು ‘ಆ’ದಲ್ಲಿ ಮುಗಿಯುವ ಸ್ತ್ರೀಲಿಂಗ ಪದಗಳಿಗೆ ಮಾತ್ರ. ‘ಗ್ವಮ್ನತಿ’ ಸ್ತ್ರೀಲಿಂಗವಾದರೂ ಕೊಂಡಿ ‘ನ್’: ಗ್ವಮ್ನತಿನ್ ಕಾನೊ, ಕಾನೊದ ಸರ್ಕಾರ. ಆದರೆ ಕ್ರಿಯಾಪದದ ಹಿಂದೆ ಬರುವ ಸರ್ವನಾಮ ಸ್ತ್ರೀಲಿಂಗದ್ದೇ. ರೇಡಿಯೊ ವಾರ್ತೆಯಲ್ಲಿ ‘ಗ್ವಮ್ನತಿನ್ ನಜೇರಿಯಾ ತಾ ಚೇ’, ನೈಜೀರಿಯಾ ಸರ್ಕಾರ ಹೇಳಿದೆ, ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. (ಇಲ್ಲಿಯ ಚೇ ‘ಹೇಳು’ ಎಂಬ ಕ್ರಿಯಾಪದ, ಮೂರನೇ ಹೆಜ್ಜೆಯ ಚೇ ಅಲ್ಲ.) ಒಂದೇ ವಾಕ್ಯದಲ್ಲಿ ‘ನ್’ ಕೂಡ ಇದೆ, ‘ತಾ’ ಕೂಡ ಇದೆ. ಇದಕ್ಕೇ ನಾನು ಪದಗಳನ್ನು ಕೊಂಡಿಯ ಜೊತೆ ಕಲಿಯುವ ಬದಲು ನೇ, ಚೇ ಜೊತೆ ಕಲಿಯಿರಿ ಎಂದದ್ದು. ಕೊಂಡಿ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ, ನೇ, ಚೇ ತಪ್ಪಿಸುವುದಿಲ್ಲ.

ಇದೇ ನ್, ರ್ ‘ಆಗಲೇ ಹೇಳಿದ ಆ’ ಎಂಬ ಅರ್ಥಕ್ಕೂ, ‘ನನ್’ ಎಂಬ ಪದದ ಜೊತೆ ‘ಈ’ ಎಂಬ ಅರ್ಥಕ್ಕೂ ಬಳಕೆಯಾಗುತ್ತವೆ. ಗಿದನ್ ನನ್, ಈ ಮನೆ. ಮೋತರ್ ನನ್, ಈ ಕಾರು.

ಹೆಜ್ಜೆ 6: ಕ್ರಿಯಾಪದದ ಮುಂಚೆಯೇ ಲಿಂಗ ಹೇಳಿ

ಕನ್ನಡದಲ್ಲಿ ಲಿಂಗ ಕ್ರಿಯಾಪದದ ಕೊನೆಯಲ್ಲಿ: ಬಂದ, ಬಂದಳು. ಹೌಸಾದಲ್ಲಿ ಕ್ರಿಯಾಪದದ ಹಿಂದಿನ ಪುಟ್ಟ ಪದದಲ್ಲಿ. ಸ್ತ್ರೀಲಿಂಗಕ್ಕೆ ಇಲ್ಲೂ ‘ತಾ’, ಪುಲ್ಲಿಂಗಕ್ಕೆ ಮಾತ್ರ ‘ನ’ದ ಬದಲು ‘ಯಾ’. ಮೂಸಾ ಯಾ ಜ಼ೋ, ಮೂಸಾ ಬಂದ. ಆಮಿನಾ ತಾ ಜ಼ೋ, ಆಮಿನಾ ಬಂದಳು. ಮೋತಾ ತಾ ಜ಼ೋ, ಕಾರು ಬಂತು. ಲಿತ್ತಾಫೀ ಯಾ ಜ಼ೋ, ಪುಸ್ತಕ ಬಂತು. ನಡೆಯುತ್ತಿರುವ ಕೆಲಸಕ್ಕೆ ‘ಯನಾ’ ಮತ್ತು ‘ತನಾ’.

1939ರಲ್ಲಿ ಶುರುವಾದ, ಹೌಸಾದ ಅತಿ ಪ್ರಸಿದ್ಧ ಪತ್ರಿಕೆಯ ಹೆಸರು ‘ಗಸ್ಕಿಯಾ ತಾ ಫಿ ಕ್ವಬೊ’. ಸತ್ಯ ಒಂದು ಕಾಸಿಗಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ಅರ್ಥ. ಗಸ್ಕಿಯಾ, ಸತ್ಯ, ‘ಇಯಾ’ ಎಂದು ಮುಗಿಯುತ್ತದೆ, ಸ್ತ್ರೀಲಿಂಗ, ಅದಕ್ಕೇ ‘ತಾ’. ಈ ನಾಲ್ಕು ಪದಗಳನ್ನು ಬಾಯಿಪಾಠ ಮಾಡಿದವರು ಈ ಹೆಜ್ಜೆಯ ಅರ್ಧ ಪಾಠ ಕಲಿತಂತೆ.

ಕನ್ನಡಿಗರಿಗೆ ನಿಜವಾಗಿ ಹೊಸದಾಗುವುದು ಮಧ್ಯಮ ಪುರುಷ. ನಮ್ಮ ‘ನೀನು’, ‘ನೀವು’ಗಳಿಗೆ ಲಿಂಗವಿಲ್ಲ. ಹೌಸಾದಲ್ಲಿ ಗಂಡಸನ್ನು ‘ಕೈ’ ಎನ್ನಬೇಕು, ಹೆಂಗಸನ್ನು ‘ಕೇ’ ಎನ್ನಬೇಕು. ನಿನಗೆ ಹೌಸಾ ಬರುತ್ತದೆಯೇ ಎಂದು ಗಂಡಸನ್ನು ಕೇಳುವುದು ‘ಕನಾ ಜಿನ್ ಹೌಸಾ?’, ಹೆಂಗಸನ್ನು ಕೇಳುವುದು ‘ಕಿನಾ ಜಿನ್ ಹೌಸಾ?’. ನಿನ್ನ ಹೆಸರೇನು ಎನ್ನಲು ಗಂಡಸಿಗೆ ‘ಮೇನೇ ನೇ ಸೂನನ್ಕ?’, ಹೆಂಗಸಿಗೆ ‘ಮೇನೇ ನೇ ಸೂನನ್ಕಿ?’. ಇಲ್ಲಿ ಗುರುತು ನ, ತ ಅಲ್ಲ. ‘ಕ’ದ ಮುಂದಿನ ಸ್ವರ. ಅಕಾರ ಗಂಡಿಗೆ, ಇಕಾರ ಹೆಣ್ಣಿಗೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಫೋನಿನಲ್ಲಿ ಮೊದಲ ಮಾತೇ ಇದಾಗಿರುವುದರಿಂದ ಅಭ್ಯಾಸ ಇಲ್ಲಿ ಹೆಚ್ಚು ಬೇಕು. 1957ರಿಂದ ನಡೆಯುತ್ತಿರುವ ಬಿಬಿಸಿ ಹೌಸಾ ಸೇವೆಯ ಸಂದರ್ಶನಗಳನ್ನು ಕೇಳಿ. ಪ್ರಶ್ನೆಗೆ ಉತ್ತರಿಸುವವರು ಗಂಡೋ ಹೆಣ್ಣೋ ಎಂಬುದನ್ನು ಅವರು ಬಾಯಿ ತೆರೆಯುವ ಮೊದಲೇ ಪ್ರಶ್ನೆಯಿಂದಲೇ ಹೇಳಲು ಪ್ರಯತ್ನಿಸಿ.

ಹೆಜ್ಜೆ 7: ಎರಡು ಲಿಂಗ ಒಟ್ಟಿಗೆ ಬಂದಾಗ ಗಾಬರಿಯಾಗಬೇಡಿ

‘ಅವನ ಮನೆ’, ‘ಅವಳ ಕಾರು’ ಎನ್ನುವಾಗ ವಸ್ತುವಿಗೊಂದು, ಒಡೆಯರಿಗೊಂದು ಹೀಗೆ ಎರಡು ಗುರುತು ಬೇಕು. ಮೊದಲು ವಸ್ತುವಿನ ಗುರುತು, ಆಮೇಲೆ ಒಡೆಯರದು.

ಗಿದನ್ಸ: ಅವನ ಮನೆ
ಗಿದನ್ತ: ಅವಳ ಮನೆ
ಮೋತರ್ಸ: ಅವನ ಕಾರು
ಮೋತರ್ತ: ಅವಳ ಕಾರು

‘ಅವನದು, ಅವಳದು’ ಎಂದು ಬಿಡಿಯಾಗಿ ಹೇಳುವಾಗಲೂ ಇದೇ ನಾಲ್ಕು ಮನೆ. ಪುಲ್ಲಿಂಗ ವಸ್ತುವಿಗೆ ನಾಸ, ನಾತ. ಸ್ತ್ರೀಲಿಂಗ ವಸ್ತುವಿಗೆ ತಾಸ, ತಾತ. ‘ನನ್ನ’ ಎನ್ನಲು ಗಿದಾನಾ, ಮೋತಾತಾ. ಇಲ್ಲಿ ಮಾತ್ರ ಸ್ವರ ದೀರ್ಘವಾಗಿಯೇ ಉಳಿಯುತ್ತದೆ, ತಕಾರವೂ ತಕಾರವಾಗಿಯೇ ಉಳಿಯುತ್ತದೆ. ಹೇಳುವವರು ಗಂಡೋ ಹೆಣ್ಣೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ವೇಗದ ಮಾತಿನಲ್ಲಿ ‘ಮೋತರ್ಕ’ (ನಿನ್ನ ಕಾರು) ಎಂಬುದು ‘ಮೋತಕ್ಕ’ ಎಂದು ಕೇಳಿಸುತ್ತದೆ. ರೇಫ ಮುಂದಿನ ವ್ಯಂಜನದಲ್ಲಿ ಕರಗಿತು, ಅಷ್ಟೇ. ನಾಲ್ಕನೇ ಹೆಜ್ಜೆಯ ಒತ್ತಕ್ಷರ ನೆನಪಿದ್ದರೆ ಇದು ಗೊಂದಲ ಮಾಡುವುದಿಲ್ಲ.

ಸಾಮಾನ್ಯವಾಗಿ ಎಡವುವ ಜಾಗ ಇದು: ‘ಅವನ ಕಾರು ಕೆಟ್ಟಿತು’ ಎಂಬುದು ‘ಮೋತರ್ಸ ತಾ ಲಾಲಾಚೆ’. ‘ಅವನ’ ಎಂಬ ಅರ್ಥ ಮನಸ್ಸಿನಲ್ಲಿದ್ದು ‘ಯಾ’ ಎಂದುಬಿಡುವ ಸಾಧ್ಯತೆ ಇದೆ. ಕೆಟ್ಟದ್ದು ಕಾರು, ಆದ್ದರಿಂದ ‘ತಾ’.

ಹೆಜ್ಜೆ 8: ವಿಶೇಷಣವನ್ನೂ ಹೊಂದಿಸಿ

‘ಹೊಸ’ ಎನ್ನಲು ಪುಲ್ಲಿಂಗದಲ್ಲಿ ಸಾಬೋ, ಸ್ತ್ರೀಲಿಂಗದಲ್ಲಿ ಸಾಬುವಾ. ನಾಮಪದದ ಹಿಂದೆ ಬಂದಾಗ ಇವುಗಳಿಗೂ ಕೊಂಡಿ ಬೇಕು: ಸಾಬೊನ್ ಗಿದಾ, ಸಾಬುವರ್ ಮೋತಾ. ‘ಹಳೆಯ’ ಎನ್ನಲು ತ್ಸೋಹೊನ್ ಗಿದಾ, ತ್ಸೋಹುವರ್ ಮೋತಾ. ‘ದೊಡ್ಡ’ ಎಂಬ ‘ಬಬ್ಬ’ ಪದಕ್ಕೆ ಎರಡೂ ಲಿಂಗದಲ್ಲಿ ಒಂದೇ ರೂಪ, ವ್ಯತ್ಯಾಸ ಕೊಂಡಿಯಲ್ಲಿ ಮಾತ್ರ: ಬಬ್ಬನ್ ಗಿದಾ, ಬಬ್ಬರ್ ಮೋತಾ.

ಹೊಂದಿಸುವ ಅಗತ್ಯವಿಲ್ಲದವೂ ಇವೆ. ಸಂಖ್ಯೆಗಳು ಬದಲಾಗುವುದಿಲ್ಲ. ‘ಈ’ ಎಂಬ ‘ವನ್ನನ್’ ಎರಡಕ್ಕೂ ಒಂದೇ. ‘ಉಳ್ಳ’ ಎಂಬ ಅರ್ಥದ ‘ಮೈ’ಗೂ ಲಿಂಗವಿಲ್ಲ.

ಹೆಜ್ಜೆ 9: ಬಹುವಚನದಲ್ಲಿ ಎಲ್ಲ ಮರೆತುಬಿಡಿ

ಬಹುವಚನಕ್ಕೆ ಬಂದ ಕೂಡಲೇ ಲಿಂಗಭೇದ ಅಳಿದುಹೋಗುತ್ತದೆ. ನಮ್ಮ ‘ಬಂದರು’ ಗಂಡು ಹೆಣ್ಣು ಇಬ್ಬರಿಗೂ ಸಲ್ಲುವಂತೆ, ಹೌಸಾದ ‘ಸುನ್ ಜ಼ೋ’ ಗಂಡಸರಿಗೂ ಹೆಂಗಸರಿಗೂ ಸಲ್ಲುತ್ತದೆ, ಕಾರುಗಳಿಗೂ ಸಲ್ಲುತ್ತದೆ. ಕೊಂಡಿ ಯಾವಾಗಲೂ ‘ನ್’, ಕೊನೆಯ ಪದ ಯಾವಾಗಲೂ ‘ನೇ’. ಮೋತರ್ ಮೂಸಾ, ಆದರೆ ಮೋತೋಚಿನ್ ಮೂಸಾ. ರೀಗರ್ ಔದು, ಆದರೆ ರೀಗುನನ್ ಔದು. ‘ರೀಗುನಾ’ ಎಂಬ ಬಹುವಚನ ‘ಆ’ದಲ್ಲಿ ಮುಗಿದರೂ ‘ರ್’ ಬರುವುದಿಲ್ಲ ಎಂಬುದನ್ನು ಗಮನಿಸಿ. ಹೆಂಗಸರು ಎಂಬ ‘ಮಾತಾ’ಕ್ಕೂ ಹಾಗೆಯೇ: ಮಾತಾ ನೇ. ಹೆಂಡತಿ ಎಂಬ ‘ಮತಾ’ಕ್ಕಾದರೆ ಮತಾ ಚೇ, ಮತರ್ ಮೂಸಾ.

ಬಹುವಚನದ ರೂಪಗಳನ್ನು ಕಟ್ಟುವುದು ಹೌಸಾದಲ್ಲಿ ನಿಜಕ್ಕೂ ಕಷ್ಟದ ವಿಷಯ, ಬಗೆಬಗೆಯ ಮಾದರಿಗಳಿವೆ. ಅದು ಬೇರೆಯೇ ಪಾಠ.

ಹೆಜ್ಜೆ 10: ಮನುಷ್ಯರು ಮತ್ತು ಪ್ರಾಣಿಗಳು

ಇಲ್ಲಿ ಲಿಂಗ ಅರ್ಥವನ್ನೇ ಅನುಸರಿಸುವುದರಿಂದ ಪದಗಳ ಜೋಡಿ ಕಲಿತರೆ ಸಾಕು. ಯಾರೋ (ಹುಡುಗ), ಯಾರಿನ್ಯಾ (ಹುಡುಗಿ). ಜಾಕೀ (ಗಂಡು ಕತ್ತೆ), ಜಾಕಾ (ಹೆಣ್ಣು ಕತ್ತೆ). ಜ಼ಾಕೀ (ಸಿಂಹ), ಜ಼ಾಕನ್ಯಾ (ಸಿಂಹಿಣಿ). ಮನೋಮೀ (ರೈತ), ಮನೋಮಿಯಾ (ರೈತ ಮಹಿಳೆ), ಬಹುವಚನ ಮನೋಮಾ. ಹೌಸಾ ಜನಾಂಗದ ಗಂಡಸು ಬಹೌಶೆ, ಹೆಂಗಸು ಬಹೌಶಿಯಾ, ಜನರು ಹೌಸಾವಾ. ಕೆಲವು ಜೋಡಿಗಳು ಬೇರೆ ಬೇರೆ ಪದಗಳೇ: ದೋಕೀ ಕುದುರೆ, ಗೋಡಿಯಾ ಹೆಣ್ಣು ಕುದುರೆ; ಬುನ್ಸುರೂ ಹೋತ, ಅಕುಯಾ ಮೇಕೆ.

ಒಂದು ಊರಿನವನು, ಊರಿನವಳು ಎನ್ನಲು ‘ಮಗ, ಮಗಳು’ ಎಂಬ ಪದಗಳನ್ನೇ ಕೊಂಡಿ ಹಾಕಿ ಬಳಸುತ್ತಾರೆ: ಡನ್ ಕಾನೊ, ’ಯರ್ ಕಾನೊ, ಬಹುವಚನದಲ್ಲಿ ’ಯನ್ ಕಾನೊ. ಸೋದರ ‘ಡನ್ ಉವಾ’, ತಾಯಿಯ ಮಗ. ಸೋದರಿ ‘’ಯರ್ ಉವಾ’, ತಾಯಿಯ ಮಗಳು. ಇವು ಬಹಳ ಉಪಯೋಗಕ್ಕೆ ಬರುವ ರೂಪಗಳು, ದಿನಪತ್ರಿಕೆಯ ಪ್ರತಿ ಪುಟದಲ್ಲೂ ಸಿಗುತ್ತವೆ.

ಅಭ್ಯಾಸ: ಒಂದೇ ವಾಕ್ಯ, ಮೂರು ಸಲ

ಬಬ್ಬನ್ ಗಿದನ್ ಮೂಸಾ ಯಾ ರೂಶೆ. ಮೂಸಾನ ದೊಡ್ಡ ಮನೆ ಕುಸಿಯಿತು.
ಬಬ್ಬರ್ ಮೋತರ್ ಮೂಸಾ ತಾ ಲಾಲಾಚೆ. ಮೂಸಾನ ದೊಡ್ಡ ಕಾರು ಕೆಟ್ಟಿತು.
ಮನ್ಯನ್ ಮೋತೋಚಿನ್ ಮೂಸಾ ಸುನ್ ಲಾಲಾಚೆ. ಮೂಸಾನ ದೊಡ್ಡ ಕಾರುಗಳು ಕೆಟ್ಟವು.

ಮೊದಲ ವಾಕ್ಯದಲ್ಲಿ ನ್, ನ್, ಯಾ. ಎರಡನೆಯದರಲ್ಲಿ ರ್, ರ್, ತಾ. ಮೂರನೆಯದರಲ್ಲಿ ಮತ್ತೆ ನ್, ನ್, ಆದರೆ ಸುನ್. ಈ ಮೂರು ಸಾಲನ್ನು ಅಚ್ಚಾಗಿ ಇಟ್ಟುಕೊಂಡು ಮನೆಯ ಜಾಗದಲ್ಲಿ ಪುಸ್ತಕ, ಕಾರಿನ ಜಾಗದಲ್ಲಿ ಟೋಪಿ, ಹೀಗೆ ಪದಗಳನ್ನು ಬದಲಿಸುತ್ತಾ ಹೋಗಿ, ಪದಕ್ಕೆ ತಕ್ಕ ಕ್ರಿಯಾಪದ ಹಾಕಿಕೊಳ್ಳಿ. ‘ಆ’ದಲ್ಲಿ ಮುಗಿಯುವ ಪುಲ್ಲಿಂಗ ಪದಗಳನ್ನು ಬೇಕೆಂದೇ ಹೆಚ್ಚು ಬಳಸಿ, ತಪ್ಪುವುದು ಅಲ್ಲೇ.

ನೆರೆಭಾಷೆಗಳ ಬಗ್ಗೆ ಎರಡು ಮಾತು

ಹೌಸಾದ ಎರಡು ಲಿಂಗಗಳನ್ನು ಪಶ್ಚಿಮ ಆಫ್ರಿಕಾದ ಪೂರ್ತಿ ಚಿತ್ರ ಎಂದುಕೊಳ್ಳಬಾರದು. ಅದೇ ಊರುಗಳಲ್ಲಿ ಹೌಸಾದ ಜೊತೆ ಬೆರೆತು ಬದುಕುವ ಫುಲಾನಿಗಳ ಫುಲ್ಫುಲ್ದೆ ಭಾಷೆಯಲ್ಲಿ ನಾಮಪದಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಗಗಳಿವೆ, ಅವು ಗಂಡು ಹೆಣ್ಣು ಎಂದು ವಿಂಗಡಿಸುವುದೇ ಇಲ್ಲ. ಏಕವಚನಕ್ಕೊಂದು, ಬಹುವಚನಕ್ಕೊಂದು ವರ್ಗ; ವರ್ಗ ಬದಲಾದರೆ ಪದದ ಕೊನೆಯಷ್ಟೇ ಅಲ್ಲ, ಮೊದಲ ವ್ಯಂಜನವೂ ಬದಲಾಗಬಹುದು. ಆ ಜನಾಂಗದ ಒಬ್ಬ ವ್ಯಕ್ತಿ ‘ಪುಲ್ಲೊ’, ಹಲವರು ‘ಫುಲ್ಬೆ’. ದಕ್ಷಿಣಕ್ಕೆ ಹೋದರೆ ಯೊರುಬಾ ಮತ್ತು ಇಗ್ಬೊದಲ್ಲಿ ವ್ಯಾಕರಣದ ಲಿಂಗವೇ ಇಲ್ಲ. ಅವನು, ಅವಳು, ಅದು ಮೂರಕ್ಕೂ ಒಂದೇ ಸರ್ವನಾಮ.

ಇದರ ಪರಿಣಾಮ ಹೌಸಾದ ಮೇಲೂ ಆಗುತ್ತದೆ. ಘಾನಾದಲ್ಲಿ ಹೌಸಾವನ್ನು ಎರಡನೇ ಭಾಷೆಯಾಗಿ ಆಡುವವರ ಮಾತಿನಲ್ಲಿ ಲಿಂಗಭೇದ ಬಹಳ ಸಡಿಲ, ‘ಮೋತಾ ಯಾ’ ಎನ್ನುವವರೂ ಸಿಗುತ್ತಾರೆ. ಅಲ್ಲಿ ಅದು ನಡೆಯುತ್ತದೆ, ಯಾರೂ ತಿದ್ದುವುದಿಲ್ಲ. ಆದರೆ ನೀವು ಕಲಿಯುವುದು ಕಾನೊದ ಹೌಸಾವನ್ನೇ ಆಗಲಿ. ರೇಡಿಯೊ, ಪತ್ರಿಕೆ, ಶಾಲೆ ಮೂರರ ಭಾಷೆಯೂ ಅದೇ. ಕಾನೊದ ಕಿವಿಗೆ ‘ಮೋತಾ ಯಾ’ ಕೂಡಲೇ ಅಡ್ಡ ಹೊಡೆಯುತ್ತದೆ. ‘ಮೋತಾ ತಾ’ ಎಂದು ಕಲಿತವರಿಗಾದರೋ ಘಾನಾದ ರಾಜಧಾನಿ ಅಕ್ರಾದ ಮಾತು ಅರ್ಥವಾಗಲು ಯಾವ ತೊಡಕೂ ಇಲ್ಲ.